ನಂಬಿಕೆಯ ಖರ್ಚು ಯಾರ ಲೆಕ್ಕಕ್ಕೆ?

ಇಂದು ಪದವಿ ಪಡೆಯುತ್ತಿರುವ ಪುತ್ತೂರು, ಸುಳ್ಯ, ಕಡಬದ ಯುವ ಮಿತ್ರರೇ,

ಘಟಿಕೋತ್ಸವಕ್ಕೆ ಬಂದ ಅತಿಥಿಗಳು ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳಿ ಎನ್ನುವುದುಂಟು, ಸಂಸ್ಕೃತಿ ಮರೆಯಬೇಡಿ ಎನ್ನುವುದೂ ಉಂಟು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಕುಳಿತುಬಿಡುವವರಿಗೂ ಕಡಿಮೆಯಿಲ್ಲ. ನೀವು ನಂಬಿಕೆಯ ಕಡೆಯೋ, ವಿಚಾರದ ಕಡೆಯೋ ಎಂಬ ಪ್ರಶ್ನೆ ಈ ಮೂರು ತಾಲೂಕುಗಳ ಬದುಕಿಗೆ ಹೊಂದುವುದೇ ಇಲ್ಲ. ಒಂದು ನಂಬಿಕೆ ಪರೀಕ್ಷೆಗೆ ಒಡ್ಡಿಕೊಳ್ಳುತ್ತದೆಯೇ, ಅದರ ಖರ್ಚು ಯಾರ ಲೆಕ್ಕಕ್ಕೆ ಬೀಳುತ್ತದೆ ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ ಎಂಬುದು ನನ್ನ ವಾದ.

ಅಡಿಕೆ ತೋಟವನ್ನೇ ನೋಡಿ. ಮಳೆಗೆ ಮುಂಚೆ ಕೊಳೆರೋಗಕ್ಕೆ ಮದ್ದು ಬಿಡಬೇಕು. ಒಂದು ಕಿಲೋ ಮೈಲುತುತ್ತು ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೈವತ್ತು ಲೀಟರಿನಲ್ಲಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕುತ್ತಾರೆ. ಆಮೇಲೆ ಉಜ್ಜಿ ತೊಳೆದ ಕತ್ತಿಯ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿಡುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಬೋರ್ಡೋ ದ್ರಾವಣ ಇದು. ಈ ಮದ್ದನ್ನು ಬಿಡುವ ಮನೆಯಲ್ಲೇ, ಗೊನೆ ಉಳಿಯಲಿ ಎಂದು ಪುತ್ತೂರಿನ ಮಹಾಲಿಂಗೇಶ್ವರನಿಗೋ ಮನೆಯ ದೈವಕ್ಕೋ ಹರಕೆಯೂ ಇರುತ್ತದೆ. ಇದು ಇಬ್ಬಂದಿತನ ಎಂದು ವಿಚಾರವಾದಿ ಗೆಳೆಯರು ನಗಬಹುದು: ಮದ್ದೇ ಕೆಲಸ ಮಾಡುವುದಾದರೆ ಹರಕೆ ಯಾಕೆ? ಮದ್ದು ಶಿಲೀಂಧ್ರವನ್ನು ತಡೆಯುತ್ತದೆ, ಮಳೆಯನ್ನಲ್ಲ. ಬಿಡುವು ಕೊಡದೆ ಜಡಿಮಳೆ ಹೊಡೆದರೆ ಎರಡನೇ ಸಲ ಮದ್ದು ಬಿಡಲೂ ಆಗುವುದಿಲ್ಲ. ತನ್ನ ಕೈ ಮೀರಿದ ಆ ಭಾಗಕ್ಕೆ ರೈತ ಕೈ ಮುಗಿಯುತ್ತಾನೆ. ಕೈಲಾದ ಭಾಗದಲ್ಲಿ ಅಲಗು ಅದ್ದಿ ನೋಡುವುದನ್ನು ಬಿಡುವುದಿಲ್ಲ. ಹರಕೆ ಹೇಳಿದ್ದಕ್ಕೆ ಮದ್ದು ಬೇಡ ಎಂದು ಕುಳಿತವನನ್ನು ಊರೇ ಬೈಯುತ್ತದೆ. ಹಾಗೆ ಬೈಯುವವರೂ ಆಸ್ತಿಕರೇ.

ಕೆಲವು ನಂಬಿಕೆಗಳು ಒಳಿತನ್ನೂ ಮಾಡುತ್ತವೆ. ಸುಳ್ಯದ ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನದ ಮತ್ಸ್ಯತೀರ್ಥದಲ್ಲಿ ಮೀನು ಉಳಿದಿರುವುದು ಅದು ದೇವರ ಮೀನು, ಹಿಡಿಯಬಾರದು ಎಂಬ ಭಯಭಕ್ತಿಯಿಂದ. ಅದರಿಂದ ಯಾರ ಮರ್ಯಾದೆಗೂ ಕುಂದಿಲ್ಲ.

ಇದೇ ಅಳತೆಗೋಲನ್ನು ಕುಕ್ಕೆ ಸುಬ್ರಹ್ಮಣ್ಯ ದೇವಸ್ಥಾನಕ್ಕೆ ಒಯ್ದಾಗ ಮಾತು ಕಠಿಣವಾಗುತ್ತದೆ. ಚಂಪಾಷಷ್ಠಿಯ ಹೊತ್ತಿಗೆ, ಬ್ರಾಹ್ಮಣರು ಉಂಡ ಎಂಜಲೆಲೆಗಳ ಮೇಲೆ ಭಕ್ತರು ಉರುಳುವ ಮಡೆಸ್ನಾನ ಅಲ್ಲಿ ಬಹುಕಾಲ ನಡೆಯಿತು. ಚರ್ಮರೋಗ ವಾಸಿಯಾಗುತ್ತದೆ ಎಂಬ ನಂಬಿಕೆ. ಸುಪ್ರೀಂ ಕೋರ್ಟ್ 2014ರಲ್ಲಿ ತಡೆ ನೀಡಿತು. ರಾಜ್ಯದ 2017ರ ಕಾನೂನು ಇಂಥ ಆಚರಣೆಯನ್ನು ನಿಷೇಧಿಸಿತು. ಇದಕ್ಕೆ ಬಂದ ಆಕ್ಷೇಪ ಹಗುರವಾದದ್ದಲ್ಲ. ಯಾರೂ ಒತ್ತಾಯ ಮಾಡುವುದಿಲ್ಲ, ಎಲ್ಲ ಜಾತಿಯವರೂ ಉರುಳುತ್ತಾರೆ, ಭಕ್ತರ ಹರಕೆಗೆ ಸರಕಾರ ಯಾಕೆ ಅಡ್ಡ ಬರಬೇಕು ಎಂದರು. ಕೋರ್ಟಿನ ತಡೆಗೂ ಮುಂಚೆ, 2011ರಲ್ಲಿ ನಿಷೇಧ ಬಂದಾಗ ಜಾತ್ರೆಯ ರಥ ಕಟ್ಟುವುದೇ ಇಲ್ಲ ಎಂದು ಪಟ್ಟು ಹಿಡಿದವರು, ಕಾಡಿನ ಬೆತ್ತ ತಂದು ಆ ರಥ ಕಟ್ಟುವ ಮಲೆಕುಡಿಯ ಬುಡಕಟ್ಟಿನವರೇ. ಅವರ ಭಕ್ತಿಯನ್ನು ಅಜ್ಞಾನ ಎಂದು ತಳ್ಳಿಹಾಕುವುದು ಸೊಕ್ಕಿನ ಮಾತಾದೀತು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಉರುಳುವವರು ಎಲ್ಲ ಜಾತಿಯವರು, ಸರಿ. ಎಲೆ ಮಾತ್ರ ಯಾವಾಗಲೂ ಒಂದೇ ಜಾತಿಯವರದ್ದು ಯಾಕೆ? ಮಲೆಕುಡಿಯರು ಉಂಡೆದ್ದ ಎಲೆಯ ಮೇಲೆ ಉರುಳುವ ಹರಕೆ ಯಾರೂ ಹೇಳಿಕೊಂಡದ್ದಿಲ್ಲ. ಅವಮಾನ ಒಂದೇ ದಿಕ್ಕಿಗೆ ಹರಿಯುವಲ್ಲಿ, ಸ್ವಇಚ್ಛೆ ಎಂಬ ಉತ್ತರ ಸಾಲದು.

ಇದು ಹೊರಗಿನವರ ಅಳತೆ, ಶ್ರದ್ಧೆಗೆ ಶ್ರದ್ಧೆಯೇ ಪ್ರಮಾಣ ಎಂದು ನೀವು ಹೇಳಬಹುದು. ಆದರೆ ಮಧ್ವಾಚಾರ್ಯರ ತಮ್ಮ ವಿಷ್ಣುತೀರ್ಥರ ಪರಂಪರೆಯ ಮಠ ಇರುವುದು ಕುಕ್ಕೆಯಲ್ಲೇ. ಆ ಮಧ್ವರೇ ಪ್ರತ್ಯಕ್ಷ, ಅನುಮಾನ, ಆಗಮ ಎಂದು ಮೂರು ಪ್ರಮಾಣಗಳನ್ನು ಹೇಳಿ, ಶ್ರುತಿವಾಕ್ಯ ಸಹ ತನಗೆ ಆಧಾರವಾದ ಪ್ರತ್ಯಕ್ಷವನ್ನು ಸುಳ್ಳು ಮಾಡಲಾರದು ಎಂದು ಅದ್ವೈತಿಗಳ ಎದುರು ವಾದಿಸಿದವರು. ಜಾತಿಯ ವಿಷಯದಲ್ಲಿ ಅವರು ನನ್ನ ಮಾತು ಒಪ್ಪುತ್ತಿದ್ದರು ಎಂದು ನಾನು ಹೇಳಲಾರೆ. ಪ್ರಮಾಣ ಕೇಳುವುದು ಹೊರಗಿನ ಸರಕಲ್ಲ ಎಂಬುದಷ್ಟೇ ಇಲ್ಲಿನ ಮಾತು. ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರೂ ಬೇರೆ ದಾರಿಯಿಂದ ಇದೇ ಪ್ರಶ್ನೆಗೆ ಬಂದವರು. ದೇವರ ಬಗ್ಗೆ ತಿಳಿಯದ್ದನ್ನು ತಿಳಿದಿದೆ ಎನ್ನಲು ಒಪ್ಪದ ಅವರು, 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ದೇವರುಗಳ ಚರಿತ್ರೆಯನ್ನು ಕೆದಕುವ ಕೆಲಸವನ್ನು ಹಳ್ಳಿಯ ಒಬ್ಬ ಮುದುಕಿಗೆ ವಹಿಸಿದರು, ಪಂಡಿತರಿಗಲ್ಲ.

ವಿಚಾರಕ್ಕೂ ಇದೇ ಅಳತೆ ಅನ್ವಯಿಸಬೇಕು. ಸುಳ್ಯದ ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ಹಳದಿ ಎಲೆ ರೋಗ ವರ್ಷಗಳಿಂದ ತಿನ್ನುತ್ತಿದೆ. ಇದಕ್ಕೆ ಕಾರಣವೆಂದು ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ರೋಗ ಬಂದ ಮರವನ್ನು ಗುಣಪಡಿಸುವ ಮದ್ದಿಲ್ಲ. ಇಂಥ ಕಡೆ ಎಲ್ಲ ದೈವೇಚ್ಛೆ ಎನ್ನುವವರೂ ಬರುತ್ತಾರೆ, ಬಾಟಲಿಯಲ್ಲಿ ಭರವಸೆ ಮಾರುವವರೂ ಬರುತ್ತಾರೆ. ಎರಡರ ಖರ್ಚೂ ರೈತನ ಲೆಕ್ಕಕ್ಕೇ. ನಿಮ್ಮಲ್ಲಿ ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಓದಿದವರು ಬೆಂಗಳೂರಿನ ಕೆಲಸಕ್ಕೆ ಅರ್ಜಿ ಹಾಕುವ ಮುನ್ನ ವಿಟ್ಲದಲ್ಲಿರುವ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಗೆ ಒಮ್ಮೆ ಹೋಗಿ, ಈ ರೋಗದ ಬಗ್ಗೆ ಏನು ತಿಳಿದಿದೆ, ಏನು ತಿಳಿದಿಲ್ಲ ಎಂದು ಕೇಳಿಕೊಂಡು ಬನ್ನಿ. ಆ ಉತ್ತರವನ್ನು, ತಿಳಿಯದ ಭಾಗವನ್ನೂ ಮುಚ್ಚಿಡದೆ, ಸಂಪಾಜೆಯ ರೈತರಿಗೆ ಹೇಳಿ.