ಸ್ನಾಯುದೌರ್ಬಲ್ಯವೂ ರಕ್ತಪರೀಕ್ಷೆಯೂ



ಕಾಯಕವನ್ನು ಪೂಜೆಯೆಂದು ಬಗೆವ ನಮ್ಮ ಸಮಾಜದಲ್ಲಿ ಕೈಸೋತು ಕುಳಿತವನನ್ನು ಮೈಗಳ್ಳನೆಂದುಬಿಡುವುದು ಬಹು ಸುಲಭ. ಆದರೆ ಬೆಳಿಗ್ಗೆ ಚೆನ್ನಾಗಿದ್ದವರಿಗೆ ಸಂಜೆಯ ವೇಳೆಗೆ ರೆಪ್ಪೆ ಜೋಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಪ್ರಸಾದದ ತುತ್ತನ್ನು ಅಗಿಯುತ್ತ ಅಗಿಯುತ್ತ ದವಡೆ ಸೋಲುವುದು, ವಿಶ್ರಮಿಸಿದರೆ ಮತ್ತೆ ಶಕ್ತಿ ಬರುವುದು, ಇವು ಮಯಸ್ತೀನಿಯ ಗ್ರೇವಿಸ್ ಎಂಬ ವ್ಯಾಧಿಯ ಲಕ್ಷಣಗಳಾಗಿರಬಹುದು. ದೃಷ್ಟಿ ತಾಕಿತೆಂದು ಅಂತ್ರ ಕಟ್ಟಿಸುವವರೂ ಉಂಟು. ಅದನ್ನು ನಾನು ಒಪ್ಪೆನು.

ನರದ ತುದಿಯಿಂದ ಅಸಿಟೈಲ್‌ಕೋಲೀನ್ ಎಂಬ ದ್ರವ್ಯವು ಹೊರಟು ಸ್ನಾಯುವಿನ ಗ್ರಾಹಕಗಳನ್ನು ಮುಟ್ಟಿದಾಗ ಸ್ನಾಯು ಸಂಕೋಚಿಸುವುದು. ದೇಹರಕ್ಷಣೆಗೆಂದು ಹುಟ್ಟುವ ಪ್ರತಿಕಾಯಗಳೇ ಈ ವ್ಯಾಧಿಯಲ್ಲಿ ಆ ಗ್ರಾಹಕಗಳ ಮೇಲೆ ಬಿದ್ದು ಕೆಡಿಸುವುವು. ಕಾವಲುಗಾರನೇ ಮನೆಗೆ ಕನ್ನವಿಕ್ಕಿದಂತೆ. 1973ರಲ್ಲಿ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರೋಮ್ ಎಂಬ ವಿದ್ವಾಂಸರು ವಿದ್ಯುತ್ತನ್ನು ಹೊಮ್ಮಿಸುವ ಈಲ್ ಮೀನಿನ ಗ್ರಾಹಕವನ್ನು ಮೊಲಗಳಿಗೆ ಚುಚ್ಚಲು, ಅವುಗಳ ಸ್ನಾಯುಗಳೂ ಇದೇ ರೀತಿ ಸೋತುವು. 1976ರಲ್ಲಿ ರೋಗಿಗಳ ರಕ್ತದಲ್ಲಿ ಆ ಪ್ರತಿಕಾಯವನ್ನು ಅಳೆಯುವ ಪರೀಕ್ಷೆಯ ಫಲ ಪ್ರಕಟವಾಯಿತು. ರೋಗವು ಮೈಯೆಲ್ಲ ವ್ಯಾಪಿಸಿದವರಲ್ಲಿ ನೂರಕ್ಕೆ ಸುಮಾರು 85 ಮಂದಿಯಲ್ಲಿ ಅದು ಸಿಕ್ಕುವುದು. ಕಣ್ಣಿಗೆ ಮಾತ್ರ ತಗುಲಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ.

ಆದಕಾರಣ ಪ್ರತಿಕಾಯ ಕಾಣಲಿಲ್ಲವೆಂದು ರೋಗವೇ ಇಲ್ಲವೆನ್ನಲಾಗದು. 2001ರಲ್ಲಿ ಮಸ್ಕ್ ಎಂಬ ಮತ್ತೊಂದು ಸ್ನಾಯುದ್ರವ್ಯಕ್ಕೆ ವಿರುದ್ಧವಾದ ಪ್ರತಿಕಾಯವು ತಿಳಿದುಬಂದಿತು, ಅದನ್ನೂ ನೋಡಿಸಬೇಕು. ಎರಡೂ ಇಲ್ಲದವರಿಗೆ, ನರವನ್ನು ವಿದ್ಯುತ್ತಿನಿಂದ ಮೇಲಿಂದಮೇಲೆ ಪ್ರಚೋದಿಸಿ ಸ್ನಾಯುವಿನ ಸೋಲನ್ನು ಅಳೆವ ವಿಧಾನವುಂಟು. ಇನ್ನು ಪ್ರತಿಕಾಯದ ಅಂಕಿ ದೊಡ್ಡದಾದ ಮಾತ್ರಕ್ಕೆ ರೋಗವೂ ದೊಡ್ಡದೆಂದು ಅಂಜಬೇಕಾದ್ದಿಲ್ಲ. ನುಂಗುವುದಕ್ಕೂ ಉಸಿರಾಟಕ್ಕೂ ಕಷ್ಟವಾದವರು ಮಾತ್ರ ಪರೀಕ್ಷೆಯ ಫಲವನ್ನು ಕಾಯುತ್ತ ಕೂರದೆ ಆ ಕ್ಷಣವೇ ದೊಡ್ಡ ಆಸ್ಪತ್ರೆಯನ್ನು ಸೇರತಕ್ಕದ್ದು.