ಕರಡಿನಿಂದ ಅಳಿಸಿದ ಪ್ಯಾರಾ: ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕಥೆ

ಜುಲೈ 4 ಅಂದ್ರೆ ನಮ್ಮಂಥವರಿಗೆ ಗೊತ್ತಿರೋದು ಒಂದೇ: ಅವತ್ತು ಕ್ಲೈಂಟ್‌ಗೆ ರಜೆ, ಸಂಜೆ ಕಾಲ್ ಇರಲ್ಲ, ಬೇಗ ಮನೆಗೆ ಹೋಗಬಹುದು. ಪುಣೆಗೆ ಬಂದ ಮೇಲೆ ಎಷ್ಟೋ ವರ್ಷ ನನಗೂ ಅಷ್ಟೇ ಗೊತ್ತಿದ್ದಿದ್ದು. ಒಂದು ಸಲ ಹಾಗೆ ಬಿಡುವು ಸಿಕ್ಕ ಸಂಜೆ, ಆ ಘೋಷಣೆಯನ್ನೇ ಪೂರ್ತಿ ಓದೋಣ ಅಂತ ಕೂತೆ. ಚಿಕ್ಕ ಪಠ್ಯ, ಅರ್ಧ ಗಂಟೆ ಸಾಕು. ಆದ್ರೆ ಅದರ ಜೊತೆಗೆ ಥಾಮಸ್ ಜೆಫರ್ಸನ್ ಬರೆದ ಮೂಲ ಕರಡೂ ಸಿಕ್ಕಿತು. ಕೋಡ್‌ನ ಎರಡು ವರ್ಷನ್‌ಗಳನ್ನ ಅಕ್ಕಪಕ್ಕ ಇಟ್ಟು ನೋಡ್ತೀವಲ್ಲ, ಹಾಗೆ ನೋಡ್ದೆ. ಎರಡರ ನಡುವೆ ಏನು ಹೋಯ್ತು, ಏನು ಉಳೀತು ಅನ್ನೋದೇ ಇವತ್ತಿನ ಮಾತು.

ಹಿನ್ನೆಲೆ ಬೇಗ ಹೇಳಿಬಿಡ್ತೀನಿ. 1763ರಲ್ಲಿ ಬ್ರಿಟನ್ ಫ್ರಾನ್ಸ್ ಮೇಲೆ ಏಳು ವರ್ಷದ ಯುದ್ಧ ಗೆದ್ದಿತು, ಆದ್ರೆ ಸಾಲ ತಲೆ ಮೇಲೆ ಬಂತು. ಅಮೆರಿಕದ 13 ವಸಾಹತುಗಳೂ ಅದರಲ್ಲಿ ಪಾಲು ಕೊಡಲಿ ಅಂತ 1765ರಲ್ಲಿ ಸ್ಟಾಂಪ್ ತೆರಿಗೆ ಹಾಕಿದ್ರು. ಪಾರ್ಲಿಮೆಂಟಿನಲ್ಲಿ ನಮ್ಮವರು ಒಬ್ಬರೂ ಇಲ್ಲ, ತೆರಿಗೆ ಹಾಕೋಕೆ ನೀವ್ಯಾರು ಅಂತ ಜಗಳ ಶುರುವಾಯ್ತು.

ಇಲ್ಲಿ ನಮ್ಮ ಕಡೆಯ ನಂಟೂ ಒಂದಿದೆ. ಬಾಸ್ಟನ್ ಬಂದರಿನಲ್ಲಿ 1773ರ ಡಿಸೆಂಬರ್ 16ರಂದು ನೀರಿಗೆ ಎಸೆದ 342 ಪೆಟ್ಟಿಗೆ ಚಹಾ ಯಾರದ್ದು? ಈಸ್ಟ್ ಇಂಡಿಯಾ ಕಂಪನಿದು. ಆಗ ಆ ಕಂಪನಿ ದಿವಾಳಿ ಅಂಚಿನಲ್ಲಿತ್ತು. ಹೈದರಾಲಿ ಜೊತೆ 1767ರಿಂದ 69ರವರೆಗೆ ನಡೆದ ಯುದ್ಧದ ಸುದ್ದಿಗೆ ಲಂಡನ್ನಿನಲ್ಲಿ ಅದರ ಷೇರು ಬಿದ್ದಿತ್ತು, 1770ರಲ್ಲಿ ಬಂಗಾಳದಲ್ಲಿ ಭೀಕರ ಕ್ಷಾಮ, ಗೋದಾಮಿನಲ್ಲಿ ಮಾರಾಟವಾಗದ ಚಹಾ. ಅದನ್ನ ಉಳಿಸೋಕೆ ತಂದಿದ್ದೇ 1773ರ ಚಹಾ ಕಾಯ್ದೆ. ಅಮೆರಿಕನ್ನರಿಗೂ ಹೈದರ್ ಹೆಸರು ಗೊತ್ತಿತ್ತು. 1782ರಲ್ಲಿ ಪೆನ್ಸಿಲ್ವೇನಿಯಾದವರ ಒಂದು ಯುದ್ಧನೌಕೆಗೆ 'ಹೈದರ್ ಅಲಿ' ಅಂತಲೇ ಹೆಸರಿಟ್ಟಿದ್ರು, ಅದು ಬ್ರಿಟಿಷ್ ಹಡಗೊಂದನ್ನ ಸೆರೆ ಹಿಡಿಯಿತು ಕೂಡ. ನಮ್ಮ ಶಾಲೆ ಪಾಠದಲ್ಲಿ ಇದನ್ನ ಯಾಕೆ ಹಾಕಿಲ್ವೋ!

1775ರ ಏಪ್ರಿಲ್‌ನಲ್ಲಿ ಗುಂಡು ಹಾರಿತು. ಆದರೂ ಆಗಿನ್ನೂ ಹೆಚ್ಚಿನವರು ರಾಜನನ್ನ ಬಿಡೋಕೆ ತಯಾರಿರಲಿಲ್ಲ. ಅದೇ ಜುಲೈನಲ್ಲಿ ಮೂರನೇ ಜಾರ್ಜ್‌ಗೆ ಸಂಧಾನದ ಅರ್ಜಿ ಬರೆದ್ರು, ಅವನು ಅದನ್ನ ಮುಟ್ಟಲೂ ಇಲ್ಲ. 1776ರ ಜನವರಿಯಲ್ಲಿ ಥಾಮಸ್ ಪೇನ್ ಎಂಬುವನ 'ಕಾಮನ್ ಸೆನ್ಸ್' ಅನ್ನೋ ಕಿರುಪುಸ್ತಕ ಬಂತು. ಅವನು ಇಂಗ್ಲೆಂಡಿನಿಂದ ಬಂದು ಒಂದೂ ಚಿಲ್ಲರೆ ವರ್ಷ ಆಗಿತ್ತಷ್ಟೇ. ರಾಜ ಕೆಟ್ಟವನು ಅನ್ನೋದಲ್ಲ, ರಾಜ ಅನ್ನೋದೇ ಬೇಡದ ವಸ್ತು ಅಂತ ಜನರ ಭಾಷೆಯಲ್ಲಿ ಬರೆದ. ಈ ಪೇನ್ ಹೆಸರು ನೆನಪಿಟ್ಕೊಳ್ಳಿ, ಕೊನೆಗೆ ಪುಣೆಗೇ ಬರ್ತಾನೆ.

ಜೂನ್‌ನಲ್ಲಿ ಫಿಲಡೆಲ್ಫಿಯಾದ ಕಾಂಗ್ರೆಸ್ ಐದು ಜನರ ಸಮಿತಿ ಮಾಡಿತು. ಬರೆಯೋ ಕೆಲಸ ಬಿದ್ದಿದ್ದು ವರ್ಜೀನಿಯಾದ ಜೆಫರ್ಸನ್ ಮೇಲೆ. ವಯಸ್ಸು 33. ಗಾರೆ ಕೆಲಸದವನೊಬ್ಬನ ಮನೆಯಲ್ಲಿ ಬಾಡಿಗೆಗಿದ್ದ. ಅವನು ಹೊಸ ತತ್ವವೇನೂ ಕಂಡುಹಿಡಿಯಲಿಲ್ಲ, ಮುಂದೆ ಅವನೇ ಅದನ್ನ ಒಪ್ಪಿಕೊಂಡಿದ್ದಾನೆ. ವಿಚಾರ ಬಹುಮಟ್ಟಿಗೆ ಜಾನ್ ಲಾಕ್‌ದು: ಹಕ್ಕು ಸರ್ಕಾರ ಕೊಡೋ ಭಿಕ್ಷೆಯಲ್ಲ, ಮನುಷ್ಯನ ಜೊತೆ ಹುಟ್ಟಿದ್ದು. ಆ ಹಕ್ಕು ಕಾಯೋಕೆ ಅಂತಲೇ ಜನ ಸರ್ಕಾರ ಮಾಡ್ಕೊಳ್ತಾರೆ. ಅದು ಕಾಯದೇ ಹೋದ್ರೆ ಬದಲಾಯಿಸೋ, ಕಿತ್ತೆಸೆಯೋ ಅಧಿಕಾರವೂ ಜನರದ್ದೇ. ಲಾಕ್ ಹೇಳಿದ್ದು ಜೀವ, ಸ್ವಾತಂತ್ರ್ಯ, ಆಸ್ತಿ. ಜೆಫರ್ಸನ್ ಆಸ್ತಿಯ ಜಾಗದಲ್ಲಿ ಸುಖವನ್ನ ಅರಸೋ ಹಕ್ಕು ಅಂತ ಬರೆದ. ಕರಡಿನಲ್ಲಿ ಈ ಸತ್ಯಗಳು ಪವಿತ್ರ, ಅಲ್ಲಗಳೆಯೋಕಾಗದವು ಅಂತ ಇತ್ತು. ಅದನ್ನ ತಿದ್ದಿ ಸ್ವಯಂಸಿದ್ಧ ಅಂತ ಮಾಡಿದ್ರು. ಅಂದ್ರೆ ದೇವರ ಮಾತಿನಿಂದ ಜ್ಯಾಮಿತಿಯ ಮಾತಿಗೆ ಬಂದ ಹಾಗೆ.

ಎಲ್ಲರೂ ಹೇಳೋದು ಈ ಮೊದಲ ಭಾಗವನ್ನೇ. ನಿಜವಾಗಿ ಘೋಷಣೆಯ ದೊಡ್ಡ ಪಾಲು ರಾಜನ ಮೇಲಿನ ದೂರುಗಳ ಪಟ್ಟಿ, ಒಟ್ಟು 27. ಜಗಳ ಪಾರ್ಲಿಮೆಂಟ್ ಜೊತೆ, ದೂರು ಯಾಕೆ ರಾಜನ ಮೇಲೆ? ಪಾರ್ಲಿಮೆಂಟಿಗೆ ನಮ್ಮ ಮೇಲೆ ಅಧಿಕಾರವೇ ಇಲ್ಲ ಅಂತ ಅವರ ವಾದ. ಉಳಿದಿದ್ದ ಒಂದೇ ಕೊಂಡಿ ರಾಜ, ಕತ್ತರಿಸಬೇಕಾಗಿದ್ದೂ ಅದನ್ನೇ. ಇನ್ನೊಂದು ಲೆಕ್ಕಾಚಾರವೂ ಇತ್ತು. ದಂಗೆಕೋರರ ಜೊತೆ ಯಾವ ದೇಶವೂ ಒಪ್ಪಂದ ಮಾಡ್ಕೊಳ್ಳಲ್ಲ, ಇನ್ನೊಂದು ದೇಶದ ಜೊತೆ ಮಾಡ್ಕೊಳ್ಳುತ್ತೆ. ಅವರಿಗೆ ಫ್ರಾನ್ಸ್‌ನ ಸಹಾಯ ಬೇಕಿತ್ತು, 1778ರಲ್ಲಿ ಸಿಕ್ಕಿತು.

ಕಾಂಗ್ರೆಸ್ ಸ್ವಾತಂತ್ರ್ಯಕ್ಕೆ ಮತ ಹಾಕಿದ್ದು ಜುಲೈ 2ಕ್ಕೆ. ಆಮೇಲೆ ಕರಡನ್ನ ತಿದ್ದೋಕೆ ಕೂತ್ರು. ಹೆಚ್ಚುಕಮ್ಮಿ ಕಾಲು ಭಾಗ ಹೋಯ್ತು. ಜೆಫರ್ಸನ್ ಬಾಯಿ ಬಿಡದೆ ಕೂತು ಒದ್ದಾಡ್ತಿದ್ದ. ಕೋಡ್ ರಿವ್ಯೂನಲ್ಲಿ ಕೂತವರಿಗೆ ಆ ಸಂಕಟ ಗೊತ್ತು. ಪಕ್ಕದಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ ಸಮಾಧಾನಕ್ಕೆ ಒಂದು ಕಥೆ ಹೇಳಿದನಂತೆ: ಟೋಪಿ ಅಂಗಡಿಯವನೊಬ್ಬ ಬೋರ್ಡ್ ಬರೆಸೋಕೆ ಸ್ನೇಹಿತರನ್ನ ಕೇಳ್ದ, ಒಬ್ಬೊಬ್ಬರೂ ಒಂದೊಂದು ಪದ ಬೇಡ ಅಂದು, ಕೊನೆಗೆ ಉಳಿದಿದ್ದು ಅವನ ಹೆಸರು, ಟೋಪಿಯ ಚಿತ್ರ ಮಾತ್ರ.

ತಿದ್ದುಪಡಿಯಲ್ಲಿ ಕೆಲವು ಒಳ್ಳೆಯವೇ. ಕರಡಿನ ಎಷ್ಟೋ ಕಡೆ ಮಾತು ಅತಿಯಾಗಿತ್ತು. ಆದ್ರೆ ಒಂದು ದೊಡ್ಡ ಪ್ಯಾರಾ ಪೂರ್ತಿ ಹೋಯ್ತು, ಅದು ಗುಲಾಮರ ವ್ಯಾಪಾರದ ಬಗ್ಗೆ. ಅದು ಮನುಷ್ಯತ್ವದ ಮೇಲಿನ ಕ್ರೂರ ಯುದ್ಧ ಅಂತ ಜೆಫರ್ಸನ್ ಬರೆದಿದ್ದ. ತೆಗೆಸಿದ್ದು ಯಾರು ಅಂತಲೂ ಅವನೇ ಬರೆದಿಟ್ಟಿದ್ದಾನೆ. ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾಗೆ ಆ ವ್ಯಾಪಾರ ಮುಂದುವರಿಯಬೇಕಿತ್ತು. ಉತ್ತರದವರ ಹತ್ತಿರ ಗುಲಾಮರು ಕಮ್ಮಿ, ಆದ್ರೆ ಗುಲಾಮರನ್ನ ಸಾಗಿಸೋ ಹಡಗು ಅವರದ್ದೂ ಇತ್ತು, ಅವರಿಗೂ ಮುಜುಗರ.

ಹಾಗಂತ ಜೆಫರ್ಸನ್ನನ್ನ ಹೀರೋ ಮಾಡೋಕೆ ನನಗೆ ಮನಸ್ಸು ಬರಲ್ಲ. ಆ ಪ್ಯಾರಾದಲ್ಲಿ ತಪ್ಪೆಲ್ಲ ರಾಜನದ್ದು, ಕೊಂಡವರದ್ದು ಏನೂ ಇಲ್ಲ. ಜೊತೆಗೆ, ಗುಲಾಮರನ್ನ ನಮ್ಮ ಮೇಲೇ ಎತ್ತಿಕಟ್ತಿದ್ದಾನೆ ಅನ್ನೋ ದೂರೂ ಇದೆ. 1775ರ ನವೆಂಬರಿನಲ್ಲಿ ವರ್ಜೀನಿಯಾದ ಗವರ್ನರ್ ಡನ್‌ಮೋರ್, ದಂಗೆಕೋರರ ಗುಲಾಮರು ನಮ್ಮ ಸೈನ್ಯ ಸೇರಿದ್ರೆ ಬಿಡುಗಡೆ ಅಂತ ಸಾರಿದ್ದ. ಆ ಕೋಪ ಅಚ್ಚಾದ ಪಠ್ಯದಲ್ಲೂ ಒಂದು ಸಾಲಾಗಿ ಉಳಿದಿದೆ. ಮೂಲನಿವಾಸಿಗಳನ್ನ ನಿರ್ದಯಿ ಅನಾಗರಿಕರು ಅಂತ ಕರೆದ ಸಾಲೂ ಅದರ ಜೊತೆಗೇ ಇದೆ. ಇನ್ನು ಆ ಬಾಡಿಗೆ ಮನೆ. ಅಲ್ಲಿ ಜೆಫರ್ಸನ್ ಒಬ್ಬನೇ ಇರಲಿಲ್ಲ. ಅವನ ಸೇವೆಗೆ ರಾಬರ್ಟ್ ಹೆಮಿಂಗ್ಸ್ ಅನ್ನೋ 14 ವರ್ಷದ ಹುಡುಗ ಇದ್ದ. ಗುಲಾಮ, ಜೊತೆಗೆ ಜೆಫರ್ಸನ್ ಹೆಂಡತಿಗೆ ಮಲತಮ್ಮ, ತಂದೆ ಒಬ್ಬನೇ. ಎಲ್ಲರೂ ಸಮಾನರಾಗಿ ಹುಟ್ಟಿದ್ದಾರೆ ಅಂತ ಬರೀತಿದ್ದ ಮನೆಯಲ್ಲೇ ಅವನು ಕೆಲಸ ಮಾಡ್ತಿದ್ದ. ಅವನಿಗೆ ಬಿಡುಗಡೆ ಸಿಕ್ಕಿದ್ದು 1794ರಲ್ಲಿ.

ನನ್ನ ಅನಿಸಿಕೆ ಏನಂದ್ರೆ, ಸಮಾನತೆಯ ಆ ಸಾಲನ್ನ ಯಾರೂ ಕತ್ತರಿಸದೇ ಬಿಟ್ಟಿದ್ದು ಅದರಿಂದ ಯಾರಿಗೂ ಖರ್ಚು ಬರಲ್ಲ ಅಂತ ಕಂಡಿದ್ದಕ್ಕೆ. ಪೀಠಿಕೆ ತಾನೇ, ಇರಲಿ ಅಂತ. ಲೆಕ್ಕ ತಪ್ಪಿತು. ಆರೇ ತಿಂಗಳಿಗೆ, 1777ರ ಜನವರಿಯಲ್ಲಿ, ಪ್ರಿನ್ಸ್ ಹಾಲ್ ಮತ್ತು ಇತರ ಕಪ್ಪು ಜನರು ಮ್ಯಾಸಚುಸೆಟ್ಸ್ ಶಾಸಕರಿಗೆ ಅದೇ ಧಾಟಿಯಲ್ಲಿ ಅರ್ಜಿ ಕೊಟ್ರು. 1848ರಲ್ಲಿ ಸೆನೆಕಾ ಫಾಲ್ಸ್‌ನಲ್ಲಿ ಹೆಂಗಸರು ಅದೇ ವಾಕ್ಯಕ್ಕೆ 'ಮತ್ತು ಸ್ತ್ರೀಯರು' ಅಂತ ಸೇರಿಸಿದ್ರು. 1945ರ ಸೆಪ್ಟೆಂಬರ್ 2ರಂದು ಹನೋಯ್‌ನಲ್ಲಿ ಹೋ ಚಿ ಮಿನ್ ವಿಯೆಟ್ನಾಂ ಘೋಷಣೆಯನ್ನ ಅದರಿಂದಲೇ ಶುರು ಮಾಡಿದ. ನಮ್ಮ 1930ರ ಜನವರಿ 26ರ ಪೂರ್ಣ ಸ್ವರಾಜ್ ಪ್ರತಿಜ್ಞೆ ಓದಿ ನೋಡಿ: ಕಿತ್ತುಕೊಳ್ಳಲಾಗದ ಹಕ್ಕು, ಹಕ್ಕು ಕಸಿಯೋ ಸರ್ಕಾರವನ್ನ ಕೊನೆಗಾಣಿಸೋ ಹಕ್ಕು, ಆಮೇಲೆ ದೂರುಗಳು. ಅದೇ ಅಚ್ಚು.

ಇನ್ನು ಪುಣೆ. ಜ್ಯೋತಿಬಾ ಫುಲೆ ತರುಣರಾಗಿದ್ದಾಗ ಇದೇ ಥಾಮಸ್ ಪೇನ್‌ನ ಪುಸ್ತಕಗಳನ್ನ ಓದಿದ್ರು. 1873ರಲ್ಲಿ ಜಾತಿಯ ಗುಲಾಮಗಿರಿ ಬಗ್ಗೆ 'ಗುಲಾಮಗಿರಿ' ಬರೆದಾಗ, ಅದನ್ನ ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ. ಫಿಲಡೆಲ್ಫಿಯಾದವರು ಅಳಿಸಿದ ಪ್ಯಾರಾದ ವಿಷಯವನ್ನ ಆರಿಸಿಕೊಂಡು ಅವರು ಇಲ್ಲಿನ ಜಾತಿಗೆ ಹಿಡಿದ್ರು. ಅವರ ಮನೆ ಫುಲೆವಾಡಾ ಗಂಜ್ ಪೇಟೆಯಲ್ಲಿದೆ. ಹಿಂಜವಡಿಯಲ್ಲಿ ಐದಾರು ವರ್ಷ ಇದ್ದೂ ನೋಡದವರು ನಮ್ಮಲ್ಲೇ ಎಷ್ಟೋ ಜನ ಇದೀವಿ, ನಾನೂ ಮೊದಲ ಸಲ ಹೋಗಿದ್ದು ಆ ಕರಡು ಓದಿದ ಮೇಲೇ. ಇಷ್ಟೇ ನನ್ನ ಮಾತು. ಪ್ರಶ್ನೆ ಇದ್ರೆ ಕೇಳಿ, ಗೊತ್ತಿದ್ದಷ್ಟು ಹೇಳ್ತೀನಿ.