ಸಂವಿಧಾನದಲ್ಲಿ ‘ನಾಗರಿಕ’ ಯಾರು, ‘ವ್ಯಕ್ತಿ’ ಯಾರು?

(ಗಣರಾಜ್ಯೋತ್ಸವದ ಪ್ರಯುಕ್ತ ನಮ್ಮ ಕನ್ನಡ ಕೂಟದಲ್ಲಿ ಮಾಡಿದ ಭಾಷಣ. ಬರಹದ ರೂಪದಲ್ಲಿ ಬೇಕೆಂದು ಗೆಳೆಯರು ಕೇಳಿದ್ದರಿಂದ ಇಲ್ಲಿ ಕೊಟ್ಟಿದೆ.)



ಧ್ವಜವಂದನೆ ಆಯಿತು, ಮಕ್ಕಳ ಹಾಡೂ ಆಯಿತು. ಊಟಕ್ಕೆ ಮುಂಚೆ ಹತ್ತು ನಿಮಿಷ ಸಂವಿಧಾನದ ಬಗ್ಗೆ ಮಾತಾಡಿ ಎಂದು ಸಮಿತಿಯವರು ಹೇಳಿದ್ದಾರೆ. ನಾನು ವಕೀಲನಲ್ಲ, ನಿಮ್ಮಲ್ಲಿ ಬಹಳ ಮಂದಿಯಂತೆ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದರೆ ಸಂವಿಧಾನವನ್ನು ವಕೀಲರಿಗೆ ಮಾತ್ರ ಅಂತ ಯಾರೂ ಬರೆದಿಲ್ಲವಲ್ಲ!

“ಊರು ಬಿಟ್ಟು ಹೋದ ನಿಮಗೆ ಇಲ್ಲಿಯ ವಿಷಯ ಮಾತಾಡಲು ಏನು ಹಕ್ಕಿದೆ?” ಈ ಪ್ರಶ್ನೆ ನಮ್ಮೆಲ್ಲರಿಗೂ ಒಂದಲ್ಲ ಒಂದು ಸಲ ಎದುರಾಗಿದೆ. ಸಾಮಾನ್ಯವಾಗಿ ನಾವು ಭಾವನೆಯಿಂದ ಉತ್ತರ ಕೊಡುತ್ತೇವೆ. ಇವತ್ತು ಸಂವಿಧಾನ ಏನು ಉತ್ತರ ಕೊಡುತ್ತದೆ ಎಂದು ನೋಡೋಣ.

ನಮ್ಮ ಸಂವಿಧಾನವನ್ನು 1949ರ ನವೆಂಬರ್ 26ರಂದು ಅಂಗೀಕರಿಸಿ, 1950ರ ಜನವರಿ 26ರಿಂದ ಜಾರಿಗೆ ತಂದರು. ಅದರ ಮೂರನೇ ಭಾಗದಲ್ಲಿ ಮೂಲಭೂತ ಹಕ್ಕುಗಳಿವೆ. ಅಲ್ಲಿ ಎರಡು ಪದಗಳನ್ನು ಬಹಳ ಎಚ್ಚರದಿಂದ ಬಳಸಿದ್ದಾರೆ: ಒಂದು ‘ನಾಗರಿಕ’, ಇನ್ನೊಂದು ‘ವ್ಯಕ್ತಿ’. ಕಾನೂನಿನ ಮುಂದೆ ಸಮಾನತೆ ಕೊಡುವ 14ನೇ ವಿಧಿ, ಜೀವ ಮತ್ತು ಸ್ವಾತಂತ್ರ್ಯ ಕಾಪಾಡುವ 21ನೇ ವಿಧಿ ಭಾರತದ ನೆಲದಲ್ಲಿರುವ ಯಾವುದೇ ವ್ಯಕ್ತಿಗೆ ಅನ್ವಯಿಸುತ್ತವೆ. ಪ್ರವಾಸಕ್ಕೆ ಬಂದ ವಿದೇಶಿಯನ್ನೂ ಪೊಲೀಸರು ಮನಬಂದಂತೆ ಕೂಡಿಹಾಕುವಂತಿಲ್ಲ. ಆದರೆ ವಾಕ್ ಸ್ವಾತಂತ್ರ್ಯ, ಸಂಘ ಕಟ್ಟುವ, ದೇಶದ ಯಾವ ಮೂಲೆಯಲ್ಲಾದರೂ ನೆಲೆಸುವ ಹಕ್ಕುಗಳಿರುವ 19ನೇ ವಿಧಿ ನಾಗರಿಕರಿಗೆ ಮಾತ್ರ. ಸರ್ಕಾರಿ ನೌಕರಿಯಲ್ಲಿ ಸಮಾನ ಅವಕಾಶ ಕೊಡುವ 16ನೇ ವಿಧಿಯೂ ಅಷ್ಟೇ.

ಈ ಲೆಕ್ಕದಲ್ಲಿ ಈ ಸಭಾಂಗಣದಲ್ಲಿರುವ ನಾವು ಎರಡು ಗುಂಪು. ಇಲ್ಲಿಯ ಪೌರತ್ವ ತೆಗೆದುಕೊಂಡವರು 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಭಾರತದ ನಾಗರಿಕರಲ್ಲ. ಓಸಿಐ ಕಾರ್ಡಿನ ಹೆಸರಿನಲ್ಲಿ ‘ಸಾಗರೋತ್ತರ ನಾಗರಿಕ’ ಎಂದಿದ್ದರೂ ಅದು ಪೌರತ್ವವಲ್ಲ. ಮತದಾನ ಇಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಮಾತ್ರ ಎಷ್ಟು ವರ್ಷ ಹೊರಗಿದ್ದರೂ ನಾಗರಿಕರೇ. 2010ರ ತಿದ್ದುಪಡಿಯಿಂದಾಗಿ ಇವರು ನಮೂನೆ 6-ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಊರಿನ ಮತದಾರರ ಪಟ್ಟಿಗೆ ಸೇರಬಹುದು. ಮತ ಹಾಕಲು ಮಾತ್ರ ಖುದ್ದಾಗಿ ಮತಗಟ್ಟೆಗೆ ಹೋಗಬೇಕು. ನಮ್ಮಲ್ಲಿ ಎಷ್ಟು ಜನ ಆ ನಮೂನೆ ತುಂಬಿದ್ದೇವೆ? ಕೈ ಎತ್ತಿ ಎಂದು ಕೇಳಿ ಯಾರನ್ನೂ ಮುಜುಗರಕ್ಕೆ ಸಿಕ್ಕಿಸುವುದಿಲ್ಲ.

ಸರಿ, ಬಹುಮತ ಇರುವ ಸರ್ಕಾರ ಈ ಹಕ್ಕುಗಳನ್ನು ಅಳಿಸಿಹಾಕಿದರೆ? ಇದಕ್ಕೆ ಉತ್ತರ ಸಿಕ್ಕಿದ್ದು ಕಾಸರಗೋಡಿನ ಕನ್ನಡದ ಮಠವೊಂದರಿಂದ ಎಂಬುದನ್ನು ನಾವು ಮರೆಯಬಾರದು. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು ಕೇರಳದ ಭೂಸುಧಾರಣೆ ಕಾಯ್ದೆಯನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು, 7-6ರ ಅಂತರದಲ್ಲಿ ತೀರ್ಪು ಕೊಟ್ಟಿತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಒಂದೇ ಒಂದು ಮತದ ಅಂತರ!

ಎರಡನೆಯ ತೀರ್ಪಿಗೆ ನಮ್ಮ ಮುಖ್ಯಮಂತ್ರಿಯೊಬ್ಬರ ಹೆಸರೇ ಇದೆ. 1989ರಲ್ಲಿ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಿದರು. ಬಹುಮತ ಸಾಬೀತು ಮಾಡಲು ಸದನ ಕರೆಯಿರಿ ಎಂದು ಅವರು ಕೇಳಿದರೂ ಅವಕಾಶ ಸಿಗಲಿಲ್ಲ. ಬಹುಮತ ತೀರ್ಮಾನವಾಗಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು 1994ರಲ್ಲಿ 9 ನ್ಯಾಯಮೂರ್ತಿಗಳು ಹೇಳಿದರು. ಒಕ್ಕೂಟ ವ್ಯವಸ್ಥೆ ಸಂವಿಧಾನದ ಮೂಲ ಸ್ವರೂಪದ ಭಾಗ ಎಂಬ ಮಾತೂ ಈ ತೀರ್ಪಿನಿಂದ ಗಟ್ಟಿಯಾಯಿತು.

ಈಗ ನಮ್ಮ ನುಡಿಯ ವಿಷಯ. ಹಿಂದಿ ರಾಷ್ಟ್ರಭಾಷೆ ಎಂದು ವಾದಿಸುವ ಸಹೋದ್ಯೋಗಿಗಳು ನಿಮಗೂ ಸಿಕ್ಕಿರುತ್ತಾರೆ. ಸಂವಿಧಾನದಲ್ಲಿ ರಾಷ್ಟ್ರಭಾಷೆ ಎಂದು ಯಾವ ಭಾಷೆಯನ್ನೂ ಹೆಸರಿಸಿಲ್ಲ. 343ನೇ ವಿಧಿ ಹೇಳುವುದು ಕೇಂದ್ರದ ಆಡಳಿತ ಭಾಷೆಯ ಬಗ್ಗೆ. ರಾಜ್ಯ ತನ್ನ ಆಡಳಿತ ಭಾಷೆಯನ್ನು ಆರಿಸಿಕೊಳ್ಳಬಹುದು ಎನ್ನುತ್ತದೆ 345ನೇ ವಿಧಿ. ಅದರಂತೆ 1963ರ ಕಾಯ್ದೆಯಿಂದ ಕನ್ನಡ ನಮ್ಮ ಆಡಳಿತ ಭಾಷೆ. 1956ರಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಕನ್ನಡಿಗರಿಗೆ ತಮ್ಮ ಭಾಷೆ, ಲಿಪಿ ಉಳಿಸಿಕೊಳ್ಳುವ ಹಕ್ಕನ್ನು 29ನೇ ವಿಧಿ ಕೊಡುತ್ತದೆ. ಅಲ್ಲಿಯ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ಸಿಗುವಂತೆ ರಾಜ್ಯ ಪ್ರಯತ್ನಿಸಬೇಕು ಎನ್ನುವುದು 350-ಎ ವಿಧಿ.

ಕಹಿಯಾದ ಮಾತನ್ನೂ ಹೇಳಬೇಕು. ಪ್ರಾಥಮಿಕ ಶಾಲೆಯಲ್ಲಿ ತಾಯ್ನುಡಿ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಕರ್ನಾಟಕದ ಭಾಷಾ ನೀತಿಯ ಪ್ರಕರಣವೇ ಅದು. ಅಂದು ನಮ್ಮಲ್ಲಿ ಎಷ್ಟೋ ಮಂದಿ ಕೋಪಗೊಂಡೆವು. ಆದರೆ ನ್ಯಾಯಾಲಯ ಆಧಾರವಾಗಿ ಹಿಡಿದದ್ದು 19ನೇ ವಿಧಿಯ ವಾಕ್ ಸ್ವಾತಂತ್ರ್ಯವನ್ನು. ಕನ್ನಡಕ್ಕಾಗಿ ಬೀದಿಗಿಳಿದು ಮಾತಾಡುವವನಿಗೂ ಆ ವಿಧಿಯೇ ಆಸರೆ. ಹಕ್ಕು ನಮಗೆ ಇರಲಿ, ಪಕ್ಕದ ಮನೆಯವರಿಗೆ ಬೇಡ ಎನ್ನಲು ಆಗುವುದಿಲ್ಲ. ಕನ್ನಡ ಶಾಲೆಯನ್ನು ಜನ ತಾವಾಗಿ ಆರಿಸಿಕೊಳ್ಳುವಂತೆ ಮಾಡುವುದೊಂದೇ ದಾರಿ.

ಕೊನೆಗೆ, ನನಗೆ ಎಲ್ಲಕ್ಕಿಂತ ಇಷ್ಟವಾದ 350ನೇ ವಿಧಿ. ತನ್ನ ಕುಂದುಕೊರತೆ ನಿವಾರಣೆಗಾಗಿ ಕೇಂದ್ರ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸಬಹುದು. ಯಾರು? ಪ್ರತಿಯೊಬ್ಬ ‘ವ್ಯಕ್ತಿ’! ಇಲ್ಲಿ ‘ನಾಗರಿಕ’ ಎಂದು ಬರೆದಿಲ್ಲ. ಅಂದರೆ ಓಸಿಐ ಕಾರ್ಡಿನವರಿಗೂ ಈ ಬಾಗಿಲು ತೆರೆದೇ ಇದೆ.

ಕೆಲವು ವರ್ಷಗಳ ಹಿಂದೆ ನನ್ನ ತಂದೆಯವರ ಪಿಂಚಣಿ ಬಾಕಿ ನಿಂತಿತ್ತು. ಅವರು ಕನ್ನಡದಲ್ಲಿ ಬರೆದ ಅರ್ಜಿಯನ್ನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಹಿಂದಕ್ಕೆ ಕೊಟ್ಟರು, ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಬರೆದು ತನ್ನಿ ಎಂದರು. ಮೂವತ್ತೆಂಟು ವರ್ಷ ದುಡಿದ ಮನುಷ್ಯ, ಅರ್ಜಿ ಬರೆಸಲು ಪಕ್ಕದ ಮನೆಯ ಹುಡುಗನನ್ನು ಹುಡುಕಿಕೊಂಡು ಹೋಗಬೇಕೇ? “ಅಪ್ಪಾ, ಅದೇ ಅರ್ಜಿಯ ಮೇಲೆ ‘ಸಂವಿಧಾನದ 350ನೇ ವಿಧಿಯ ಅನ್ವಯ’ ಅಂತ ಒಂದು ಸಾಲು ಸೇರಿಸಿ ಮತ್ತೆ ಕೊಡಿ” ಎಂದು ಫೋನಿನಲ್ಲಿ ಹೇಳಿದೆ. ಈ ಸಲ ಅರ್ಜಿ ತೆಗೆದುಕೊಂಡು ಮೊಹರು ಹಾಕಿ ಸ್ವೀಕೃತಿ ಕೊಟ್ಟರು. ಉತ್ತರ ಇಂಗ್ಲಿಷಿನಲ್ಲಿ ಬಂತು. ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು ಆ ವಿಧಿ ಹೇಳುವುದಿಲ್ಲ. ಅದು ನಾವಿನ್ನೂ ಕೇಳಿ ಪಡೆಯಬೇಕಾದದ್ದು.

ಹಾಗಾಗಿ ನನ್ನ ಕೋರಿಕೆ ಮೂರು.

1. ಭಾರತದ ಪಾಸ್‌ಪೋರ್ಟ್ ಇರುವವರು ಈ ತಿಂಗಳೊಳಗೆ ನಮೂನೆ 6-ಎ ತುಂಬಿ.

2. ಅವರೇ ಮಾಹಿತಿ ಹಕ್ಕನ್ನೂ ಬಳಸಿ. 2005ರ ಕಾಯ್ದೆಯ ಪ್ರಕಾರ ಅದು ನಾಗರಿಕರ ಹಕ್ಕು. ಅರ್ಜಿಯನ್ನು ಆ ಪ್ರದೇಶದ ಆಡಳಿತ ಭಾಷೆಯಲ್ಲಿ, ಅಂದರೆ ಕರ್ನಾಟಕದಲ್ಲಿ ಕನ್ನಡದಲ್ಲೇ ಸಲ್ಲಿಸಬಹುದು. ನಿಮ್ಮೂರಿನ ಕನ್ನಡ ಶಾಲೆಯಲ್ಲಿ ಎಷ್ಟು ಶಿಕ್ಷಕರ ಹುದ್ದೆ ಖಾಲಿ ಇವೆ ಎಂಬ ಪ್ರಶ್ನೆಯಿಂದಲೇ ಶುರು ಮಾಡಬಹುದು.

3. ಎಲ್ಲರೂ, ಯಾವ ಪಾಸ್‌ಪೋರ್ಟ್ ಇದ್ದರೂ, ಊರಿನ ಕಚೇರಿಗಳಿಗೆ ಬರೆಯುವಾಗ ಕನ್ನಡದಲ್ಲೇ ಬರೆಯಿರಿ. ಊರಿನಲ್ಲಿರುವ ತಂದೆ ತಾಯಿಗೂ 350 ಎಂಬ ಸಂಖ್ಯೆಯನ್ನು ಹೇಳಿಕೊಡಿ.

ಹೊರನಾಡಿನಲ್ಲಿ ಕುಳಿತು ಕನ್ನಡ ಉಳಿಯಲಿ ಎಂದು ಇಮೇಲ್ ಕಳಿಸುವುದು ಸುಲಭ. ನಾವೇ ಕನ್ನಡದಲ್ಲಿ ಒಂದು ಅರ್ಜಿ ಬರೆದು ಅದರ ಬೆನ್ನು ಹತ್ತುವುದಕ್ಕೆ ತಾಳ್ಮೆ ಬೇಕು. ನಮಗೆ ಏನು ಹಕ್ಕಿದೆ ಎಂದು ಮುಂದಿನ ಸಲ ಯಾರಾದರೂ ಕೇಳಿದರೆ ವಿಧಿಯ ಸಂಖ್ಯೆ ಹೇಳಿ, ಬರೆದ ಅರ್ಜಿಯ ಪ್ರತಿಯನ್ನೂ ತೋರಿಸೋಣ.

ಸಿರಿಗನ್ನಡಂ ಗೆಲ್ಗೆ!